ಪೇತ್ರನ ಪತನ ಮತ್ತು ಪುನಃಸ್ಥಾಪನೆ: ನಾಲ್ಕು ಸುವಾರ್ತೆಗಳ ನಿರೂಪಣೆಯ ವಿಚಾರ

೧

ಯಾವ ಸಮಾಜವೇ ಆಗಲಿ, ತನ್ನ ಮೂಲಪುರುಷರ ಚರಿತ್ರೆಯನ್ನು ಬರೆದಿಡುವಾಗ ಅವರ ಗುಣಗಳನ್ನು ಹಿಗ್ಗಿಸಿ ದೋಷಗಳನ್ನು ಮರೆಸುವುದು ಲೋಕರೂಢಿ. ರಾಜಪ್ರಶಸ್ತಿಗಳಲ್ಲಿ ಸೋಲಿನ ಮಾತು ಅಪೂರ್ವ. ಗುರುಪರಂಪರೆಯ ಚರಿತ್ರೆಗಳಲ್ಲಿ ಗುರುವಿನ ಹೇಡಿತನದ ಮಾತು ಇನ್ನೂ ಅಪೂರ್ವ. ಈ ರೂಢಿಗೆ ಎದ್ದು ಕಾಣುವ ಅಪವಾದವೊಂದು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಉಂಟು. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಮೊದಲಿಗನೆಂದು ಎಣಿಸಲ್ಪಟ್ಟ ಪೇತ್ರನು, ಗುರುವು ಬಂಧಿತನಾದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿಕಾಯಿಸುತ್ತ, ಆತನನ್ನು ತಾನು ಅರಿಯೆನೆಂದು ಮೂರು ಸಲ ಹೇಳಿದನು. ಮಾರ್ಕ, ಮತ್ತಾಯ, ಲೂಕ, ಯೋಹಾನ ಎಂಬ ನಾಲ್ವರು ಸುವಾರ್ತಾಕಾರರೂ ಇದನ್ನು ಬರೆದಿಟ್ಟಿದ್ದಾರೆ. ಯೇಸುವಿನ ಜನನವೃತ್ತಾಂತವು ಎರಡು ಸುವಾರ್ತೆಗಳಲ್ಲಿ ಮಾತ್ರ ಇರುವುದು. ಪೇತ್ರನ ಅವಮಾನದ ವೃತ್ತಾಂತವಾದರೋ ನಾಲ್ಕರಲ್ಲಿಯೂ ಇರುವುದು.

ಈ ಕಥೆಯನ್ನು ವ್ಯಾಖ್ಯಾನಿಸುವಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ಬೇರೂರಿವೆ. ಪೇತ್ರನು ಬಿದ್ದನು, ಅತ್ತನು, ಆ ಅಳುವಿನಿಂದಲೇ ಎದ್ದನು ಎಂಬುದು ಮೊದಲನೆಯದು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಪ್ರೀತಿಗೆ ಬಳಸಿರುವ ಎರಡು ಗ್ರೀಕ್ ಪದಗಳ ಅರ್ಥಭೇದದಲ್ಲಿಯೇ ಪೇತ್ರನ ವಿನಯದ ರಹಸ್ಯವು ಅಡಗಿದೆ ಎಂಬುದು ಎರಡನೆಯದು. ಮೂಲವನ್ನು ಸಾವಧಾನದಿಂದ ಪರಿಶೀಲಿಸಿದರೆ ಇವೆರಡೂ ನಿಲ್ಲುವುದು ಕಷ್ಟ. ಶಿಷ್ಯನ ದೌರ್ಬಲ್ಯ, ವಿನಯ, ಪುನಃಸ್ಥಾಪನೆ ಈ ಮೂರರ ಸಂಬಂಧವನ್ನು ಸುವಾರ್ತಾಕಾರರು ಕಣ್ಣೀರಿನಲ್ಲಿಯೂ ಇಡಲಿಲ್ಲ, ನಿಘಂಟಿನಲ್ಲಿಯೂ ಇಡಲಿಲ್ಲ. ಕಥಾರಚನೆಯಲ್ಲಿಯೇ ಇಟ್ಟಿದ್ದಾರೆ ಎಂಬುದು ಇಲ್ಲಿಯ ಪ್ರತಿಪಾದ್ಯ.

೨

ಮೊದಲು ಈ ಕಥೆಗೆ ಸಾಹಿತ್ಯದಲ್ಲಿ ಎಂಥ ಸ್ಥಾನವಿದೆ ಎಂಬುದನ್ನು ನೋಡಬೇಕು. ಜರ್ಮನ್ ವಿದ್ವಾಂಸನಾದ ಎರಿಕ್ ಔಎರ್ಬಾಖನು ನಾತ್ಸಿ ಆಡಳಿತದಿಂದ ಸ್ವದೇಶವನ್ನು ತೊರೆದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಸ್ತಾಂಬುಲ್ ನಗರದಲ್ಲಿದ್ದುಕೊಂಡು ‘ಮಿಮೆಸಿಸ್’ ಎಂಬ ಗ್ರಂಥವನ್ನು ಬರೆದು, ೧೯೪೬ರಲ್ಲಿ ಬೆರ್ನ್ ನಗರದಲ್ಲಿ ಪ್ರಕಟಿಸಿದನು. ಅದರ ಎರಡನೆಯ ಪ್ರಕರಣದಲ್ಲಿ ಅವನು ಪೆಟ್ರೋನಿಯಸ್, ಟ್ಯಾಸಿಟಸ್ ಎಂಬ ರೋಮನ್ ಲೇಖಕರ ಬಳಿಯಲ್ಲಿ ಮಾರ್ಕನ ಈ ಚಿಕ್ಕ ದೃಶ್ಯವನ್ನು ಇಟ್ಟು ತೂಗಿದ್ದಾನೆ. ಪ್ರಾಚೀನ ಗ್ರೀಕ್ ಮತ್ತು ರೋಮನ್ ಸಾಹಿತ್ಯಗಳಲ್ಲಿ ಉದಾತ್ತವಾದ ಶೈಲಿಯು ಉನ್ನತರಿಗೆ ಮೀಸಲು. ಸಾಮಾನ್ಯರ ದಿನಚರಿಯು ಬಂದರೆ ಹಾಸ್ಯಕ್ಕಾಗಿ ಬರಬೇಕು. ಗಲಿಲಾಯದ ಒಬ್ಬ ಬೆಸ್ತನು ದಾಸಿಯೊಬ್ಬಳ ಮಾತಿಗೆ ಹೆದರಿ ಸುಳ್ಳು ಹೇಳುವ ಪ್ರಸಂಗವು ಈ ಎರಡು ಶೈಲಿಗಳಲ್ಲಿ ಯಾವುದಕ್ಕೂ ಒಗ್ಗದು. ಹಾಸ್ಯವೆನ್ನುವುದಕ್ಕೆ ಅದರ ಗಾಂಭೀರ್ಯವು ಅತಿಯಾಯಿತು. ದುರಂತವೆನ್ನುವುದಕ್ಕೆ ಅದರ ಪಾತ್ರಗಳು ತೀರ ಸಾಮಾನ್ಯವಾದುವು. ಹೀಗೆ ಹಳೆಯ ಶೈಲಿಭೇದದ ನಿಯಮವು ಈ ಅಂಗಳದಲ್ಲಿ ಮುರಿದುಬಿದ್ದಿತೆಂಬುದು ಔಎರ್ಬಾಖನ ವಾದದ ಸಾರ.

ಭಾರತೀಯ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ವಾದದ ಬೆಲೆಯು ಸುಲಭವಾಗಿ ತಿಳಿಯುವುದು. ದಂಡಿಯ ಲಕ್ಷಣದಂತೆ ಮಹಾಕಾವ್ಯಕ್ಕೆ ನಾಯಕನಾಗತಕ್ಕವನು ಚತುರನೂ ಉದಾತ್ತನೂ ಆಗಿರಬೇಕು. ಧೀರೋದಾತ್ತನೇ ಆಗಲಿ ಧೀರಲಲಿತನೇ ಆಗಲಿ, ನಾಯಕರ ನಾಲ್ಕು ಭೇದಗಳಿಗೂ ‘ಧೀರ’ ಎಂಬ ಶಬ್ದವು ತಳಹದಿ. ಧೈರ್ಯವೇ ಕೈಕೊಟ್ಟವನಿಗೆ ಈ ವಿಭಾಗದಲ್ಲಿ ಸ್ಥಳವಿಲ್ಲ. ಪೇತ್ರನು ಖಳನೂ ಅಲ್ಲ, ವಿದೂಷಕನೂ ಅಲ್ಲ, ಧೀರನೂ ಅಲ್ಲ. ಅವನ ಪತನಕ್ಕೆ ಕಾರಣವಾದದ್ದು ದುರ್ಬುದ್ಧಿಯಲ್ಲ. ಉಳಿದ ಶಿಷ್ಯರು ಓಡಿಹೋದಾಗ ಅವನೂ ಓಡಿಹೋಗಿದ್ದರೆ ಅವನಿಗೆ ಅಲ್ಲಗಳೆಯುವ ಸಂದರ್ಭವೇ ಒದಗುತ್ತಿರಲಿಲ್ಲ. ಗುರುವಿನ ಮೇಲಣ ಪ್ರೀತಿಯೇ ಅವನನ್ನು ದೂರದೂರದಿಂದಲಾದರೂ ಆ ಅಂಗಳದವರೆಗೆ ಎಳೆತಂದಿತು. ಎಳೆತಂದ ಪ್ರೀತಿಗೆ ಅಲ್ಲಿ ನಿಲ್ಲುವ ಬಲವಿಲ್ಲದೆ ಹೋಯಿತು. ಅವನು ಬಿದ್ದದ್ದು ಅವನ ಗುಣವು ಅವನನ್ನು ಕೊಂಡೊಯ್ದ ಎಡೆಯಲ್ಲಿ. ಮಾನವದೌರ್ಬಲ್ಯವೆಂಬುದರ ಸರಿಯಾದ ಚಿತ್ರವು ಇದು.

೩

ನಾಲ್ಕರಲ್ಲಿ ಮೊದಲನೆಯದೆಂದು ಬಹುಮಂದಿ ವಿದ್ವಾಂಸರು ಒಪ್ಪುವ ಮಾರ್ಕನ ಸುವಾರ್ತೆಯು ಸುಮಾರು ಕ್ರಿ. ಶ. ೭೦ರ ಹೊತ್ತಿಗೆ ರಚಿತವಾಯಿತು. ಮಾರ್ಕನು ಪೇತ್ರನಿಗೆ ದ್ವಿಭಾಷಿಯಾಗಿದ್ದು, ಅವನಿಂದ ಕೇಳಿದುದನ್ನು ಬರೆದನೆಂದು ಪಪಿಯಸನೆಂಬವನು ಎರಡನೆಯ ಶತಮಾನದ ಆದಿಭಾಗದಲ್ಲಿ ಹೇಳಿದನೆಂದು ಚರಿತ್ರಕಾರನಾದ ಯೂಸೇಬಿಯಸನು ದಾಖಲೆ ಮಾಡಿರುವನು. ಈ ಐತಿಹ್ಯವನ್ನು ಎಲ್ಲರೂ ಒಪ್ಪುವುದಿಲ್ಲ. ಅದು ನಿಜವಾದರೆ ಪೇತ್ರನ ಅವಮಾನವು ಮೊದಲು ಹೊರಬಿದ್ದದ್ದು ಪೇತ್ರನ ಬಾಯಿಂದಲೇ ಎಂದಾಗುವುದು.

ಮಾರ್ಕನ ಕೌಶಲವು ಜೋಡಣೆಯಲ್ಲಿದೆ. ಪೇತ್ರನು ಅಂಗಳದಲ್ಲಿ ಬೆಂಕಿಯ ಬಳಿ ಕುಳಿತನೆಂದು ಹೇಳಿ ಅವನನ್ನು ಅಲ್ಲಿಯೇ ಬಿಟ್ಟು, ಕವಿಯು ಒಳಗಣ ವಿಚಾರಣೆಗೆ ಹೋಗುತ್ತಾನೆ. ಅದು ಮುಗಿದ ಮೇಲೆ ಮತ್ತೆ ಅಂಗಳಕ್ಕೆ ಬರುತ್ತಾನೆ. ಒಳಗೆ ಮಹಾಯಾಜಕನು ಪ್ರಶ್ನಿಸುವನು; ಯೇಸುವು ತಾನು ಯಾರೆಂಬುದನ್ನು ಮರೆಮಾಚದೆ ಒಪ್ಪಿಕೊಂಡು ಮರಣಕ್ಕೆ ಗುರಿಯಾಗುವನು. ಹೊರಗೆ ದಾಸಿಯೊಬ್ಬಳು ಪ್ರಶ್ನಿಸುವಳು. ಶಿಷ್ಯನು ತಾನು ಯಾರೆಂಬುದನ್ನು ಮರೆಮಾಚಿ ಪ್ರಾಣವನ್ನು ಉಳಿಸಿಕೊಳ್ಳುವನು. ವಿಚಾರಣೆಯ ಕೊನೆಯಲ್ಲಿ ಕಾವಲುಗಾರರು ಯೇಸುವಿನ ಮುಖಕ್ಕೆ ಮುಸುಕುಹಾಕಿ ಗುದ್ದುತ್ತ, ಪ್ರವಾದನೆ ಹೇಳೆಂದು ಅಣಕಿಸುತ್ತಾರೆ. ಆ ಅಣಕದ ಮಾತು ಮುಗಿಯುವಷ್ಟರಲ್ಲಿ, ಶಿಷ್ಯನ ವಿಷಯವಾಗಿ ಆತನು ನುಡಿದಿದ್ದ ಭವಿಷ್ಯವು ಗೋಡೆಯ ಆಚೆಯಲ್ಲಿ ಅಕ್ಷರಶಃ ನೆರವೇರತೊಡಗುವುದು. ಕವಿಯು ಇದರ ಮೇಲೆ ಒಂದು ಮಾತನ್ನೂ ಆಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಬಂಡೆ ಎಂಬ ಅರ್ಥದ ‘ಪೇತ್ರ’ ಎಂಬ ಹೆಸರನ್ನು ಯೇಸುವೇ ಸೀಮೋನನಿಗೆ ಕೊಟ್ಟಿದ್ದನು. ಎಲ್ಲರೂ ಬಿಟ್ಟರೂ ತಾನು ಬಿಡೆನೆಂದು ಪೇತ್ರನು ಆಣೆಯಿಟ್ಟಂತೆ ನುಡಿದ ಸ್ವಲ್ಪ ಹೊತ್ತಿನ ಮೇಲೆ, ಗೆತ್ಸೆಮನೆಯ ತೋಟದಲ್ಲಿ ಅವನು ನಿದ್ದೆಹೋಗಿರುವುದನ್ನು ಕಂಡು ಯೇಸುವು ಅವನನ್ನು ಸೀಮೋನನೆಂದೇ ಕರೆಯುತ್ತಾನೆ. ಕೊಟ್ಟ ಹೆಸರಿಗೂ ನಿದ್ರಿಸುವ ಮನುಷ್ಯನಿಗೂ ನಡುವಣ ಅಂತರವು ಆ ಒಂದು ಸಂಬೋಧನೆಯಲ್ಲಿ ಗೋಚರವಾಗುವುದು. ಮನಸ್ಸಿಗೆ ಹುರುಪಿದ್ದರೂ ಶರೀರಕ್ಕೆ ಬಲ ಸಾಲದೆಂಬ ಮಾತು ಅಲ್ಲಿಯೇ ಬರುವುದು. ಅದು ನಿಂದೆಯಲ್ಲ, ರೋಗನಿದಾನ.

ಮಾರ್ಕನಲ್ಲಿ ಪೇತ್ರನು ಅಳುತ್ತಾನೆ. ಆದರೆ ಪುನಃಸ್ಥಾಪನೆಯ ದೃಶ್ಯವಿಲ್ಲ. ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಈ ಸುವಾರ್ತೆಯು ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೆ ಮುಗಿದುಹೋಗುವುದು. ಮುಂದಿನ ವಚನಗಳು ಅನಂತರ ಸೇರಿದುವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮತ. ಆ ಕೊನೆಯ ಕೆಲವು ಸಾಲುಗಳಲ್ಲಿ ಬರಿದಾದ ಸಮಾಧಿಯ ಬಳಿಯಿದ್ದ ಯುವಕನು, ಶಿಷ್ಯರಿಗೂ ಪೇತ್ರನಿಗೂ ಸುದ್ದಿ ಮುಟ್ಟಿಸಿರೆಂದು ಸ್ತ್ರೀಯರಿಗೆ ಹೇಳುತ್ತಾನೆ. ‘ಶಿಷ್ಯರು’ ಎಂದ ಮೇಲೆ ಪೇತ್ರನು ಅದರಲ್ಲಿ ಅಡಕವಾದನಲ್ಲವೆ? ಬೇರೆಯಾಗಿ ಹೆಸರಿಸುವ ಅಗತ್ಯವೇನು? ತಾನಿನ್ನು ಶಿಷ್ಯರ ಸಾಲಿನಲ್ಲಿ ಉಂಟೋ ಇಲ್ಲವೋ ಎಂದು ಶಂಕಿಸಬಹುದಾದ ಒಬ್ಬನಿಗೆ ಹೆಸರು ಹಿಡಿದು ಕರೆಕಳುಹಿಸುವುದು ಅಗತ್ಯವಾಗಿತ್ತು ಎಂಬುದೇ ಅದರ ಧ್ವನಿ. ಆನಂದವರ್ಧನನು ಧ್ವನಿಯೆಂದು ಕರೆದುದಕ್ಕೆ ಇದಕ್ಕಿಂತ ಅಲ್ಪಾಕ್ಷರದ ಉದಾಹರಣೆಯು ದುರ್ಲಭ.

೪

ಮತ್ತಾಯನು ಮಾರ್ಕನ ಜಾಡಿನಲ್ಲಿಯೇ ನಡೆದರೂ ಕಥೆಯನ್ನು ಬೇರೊಂದು ಬೆಳಕಿನಲ್ಲಿ ಇಡುವನು. ಅವನಲ್ಲಿ ಪತನಕ್ಕೆ ಮೆಟ್ಟಿಲುಗಳಿವೆ: ಮೊದಲು ಬರಿಯ ನಿರಾಕರಣ, ಎರಡನೆಯ ಸಲ ಆಣೆ, ಮೂರನೆಯ ಸಲ ಶಾಪದೊಡನೆ ಆಣೆ. ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಗಲಿಲಾಯದ ನುಡಿಯ ವರಸೆ. ಅಲ್ಲವೆಂದು ಹೇಳಲು ಬಾಯಿ ತೆರೆದರೆ ಆ ಬಾಯಿಯೇ ಹೌದೆಂದು ಸಾರುವುದು. ಪೇತ್ರನು ಹೊರಗೆ ಹೋಗಿ ಬಹಳವಾಗಿ ಅತ್ತನೆಂದು ಹೇಳಿದ ಕೂಡಲೇ, ಎರಡು ವಾಕ್ಯಗಳ ಅಂತರದಲ್ಲಿ, ಮತ್ತಾಯನು ಯೂದನ ಕಥೆಯನ್ನು ತರುತ್ತಾನೆ. ಗುರುವನ್ನು ಹಿಡಿದುಕೊಟ್ಟ ಯೂದನೂ ಪಶ್ಚಾತ್ತಾಪಪಟ್ಟನು. ಅಷ್ಟೇ ಅಲ್ಲ, ಅವನು ಪೇತ್ರನು ಮಾಡದುದನ್ನೆಲ್ಲ ಮಾಡಿದನು: ಪಾಪವನ್ನು ಬಾಯಿಬಿಟ್ಟು ಒಪ್ಪಿಕೊಂಡನು, ಯೇಸುವು ನಿರಪರಾಧಿಯೆಂದು ಸಾರಿದನು, ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ಎಸೆದನು. ಯಾಜಕರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಕೈತೊಳೆದುಕೊಂಡರು. ಯೂದನು ಹೋಗಿ ಉರುಲುಹಾಕಿಕೊಂಡನು.

ಕಣ್ಣೀರಿನಿಂದಲೇ ಎತ್ತಲ್ಪಡುವನೆಂಬ ಅಭಿಪ್ರಾಯಕ್ಕೆ ಮತ್ತಾಯನ ಈ ಜೋಡಣೆಯು ದೊಡ್ಡ ಆಕ್ಷೇಪಣೆ. ದುಃಖದ ತೀವ್ರತೆಯನ್ನು ಅಳೆದು ನೋಡಿದರೆ ಯೂದನ ದುಃಖವು ಪೇತ್ರನ ದುಃಖಕ್ಕಿಂತ ಕಡಿಮೆಯೆನ್ನಲು ಆಧಾರವಿಲ್ಲ. ಭೇದವು ಇರುವುದು ದುಃಖವನ್ನು ಒಯ್ದ ದಿಕ್ಕಿನಲ್ಲಿ. ಯೂದನು ಅದನ್ನು ಯಾರು ಕ್ಷಮಿಸಲಾರರೋ ಅವರ ಬಳಿಗೆ ಒಯ್ದನು. ಅಲ್ಲಿಂದ ತಿರಸ್ಕೃತನಾಗಿ ತನ್ನ ಬಳಿಗೇ ಒಯ್ದನು. ತನ್ನ ಮೇಲೆ ತಾನೇ ತೀರ್ಪು ಹೇಳಿ ತಾನೇ ಅದನ್ನು ನಡೆಸಿದನು. ಆತ್ಮತಿರಸ್ಕಾರವು ವಿನಯವಲ್ಲ, ಕೊನೆಯ ಮಾತನ್ನು ತನ್ನ ಕೈಯಲ್ಲಿಯೇ ಉಳಿಸಿಕೊಳ್ಳುವ ಒಂದು ಬಗೆಯ ಅಹಂಭಾವವು ಅದರಲ್ಲಿ ಅಡಗಿರುವುದು. ಈ ಘಟನೆಯಾದ ಮೇಲೆ ಮತ್ತಾಯನು ಪೇತ್ರನ ಹೆಸರನ್ನೇ ಎತ್ತುವುದಿಲ್ಲವೆಂಬುದೂ ಗಮನಾರ್ಹ. ಹನ್ನೊಂದು ಮಂದಿ ಶಿಷ್ಯರು ಗಲಿಲಾಯಕ್ಕೆ ಹೋದರೆಂದು ಮಾತ್ರ ಹೇಳುವನು. ಮೊದಲಿಗನೆಂದು ಹೆಸರಾದವನು ಹನ್ನೊಂದರಲ್ಲಿ ಒಬ್ಬನಾಗಿ, ಲೆಕ್ಕದಲ್ಲಿ ಸೇರಿಕೊಂಡು, ಹಿಂದಿರುಗುವನು.

ಲೂಕನು ಪುನಃಸ್ಥಾಪನೆಯನ್ನು ಪತನಕ್ಕಿಂತ ಮೊದಲೇ ಆರಂಭಿಸುವನು. ಗೋದಿಯನ್ನು ಒನೆಯುವಂತೆ ಸೈತಾನನು ಶಿಷ್ಯರೆಲ್ಲರನ್ನೂ ಒನೆಯಲು ಬೇಡಿಕೊಂಡಿದ್ದಾನೆ. ಆದರೆ ನಿನ್ನ ನಂಬಿಕೆಯು ಕುಂದದಿರಲೆಂದು ನಿನಗೋಸ್ಕರ ಬೇಡಿಕೊಂಡೆನು ಎಂದು ಯೇಸುವು ಪೇತ್ರನಿಗೆ ಹೇಳುವನು. ಮೂಲದಲ್ಲಿ ಮೊದಲನೆಯದು ಬಹುವಚನ, ಎರಡನೆಯದು ಏಕವಚನ. ಅಪಾಯವು ಎಲ್ಲರಿಗೂ ಉಂಟು; ಪ್ರಾರ್ಥನೆಯು ಮೊದಲು ಬೀಳಲಿರುವವನನ್ನು ಹೆಸರಿಸುವುದು. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸೆಂಬ ಆಜ್ಞೆಯೂ ಅಲ್ಲಿಯೇ ಬರುವುದು. ಬೀಳದಿರಲೆಂದು ಆತನು ಬೇಡಲಿಲ್ಲ. ಬಿದ್ದವನು ತಿರುಗುವನೆಂದು ಮುಂಚಿತವಾಗಿ ನಂಬಿದನು. ಕೋಳಿ ಕೂಗಿದಾಗ ಯೇಸುವು ತಿರುಗಿಕೊಂಡು ಪೇತ್ರನನ್ನು ದೃಷ್ಟಿಸಿ ನೋಡಿದನೆಂಬುದು ಲೂಕನಲ್ಲಿ ಮಾತ್ರ ಇರುವ ಸಂಗತಿ. ಆ ನೋಟದಲ್ಲಿ ಏನಿತ್ತೆಂದು ಲೂಕನು ಹೇಳಿಲ್ಲ. ಶಿಷ್ಯನು ತಿರುಗುವುದಕ್ಕೆ ಮೊದಲು ಗುರುವು ತಿರುಗಿದನೆಂಬುದನ್ನು ಮಾತ್ರ ಹೇಳಿದ್ದಾನೆ.

ಅದೇ ಲೂಕನು ರಚಿಸಿದ ಅಪೊಸ್ತಲರ ಕೃತ್ಯಗಳಲ್ಲಿ ಈ ಎಳೆಯು ಮುಂದುವರಿಯುವುದು. ಯೆರೂಸಲೇಮಿನ ದೇವಾಲಯದಲ್ಲಿ ನೆರೆದ ಜನರೆದುರು ಪೇತ್ರನು ಎದ್ದುನಿಂತು, ಪರಿಶುದ್ಧನೂ ನೀತಿವಂತನೂ ಆದವನನ್ನು ನೀವು ಅಲ್ಲಗಳೆದಿರಿ ಎಂದು ದೂರುತ್ತಾನೆ. ಅಲ್ಲಗಳೆಯುವುದಕ್ಕೆ ಗ್ರೀಕ್ ಮೂಲದಲ್ಲಿರುವ ಧಾತುವು ಅಂಗಳದ ದೃಶ್ಯದಲ್ಲಿ ಪೇತ್ರನಿಗೆ ಹೇಳಿದ ಧಾತುವೇ. ಕೆಲವು ವಾಕ್ಯಗಳಾದ ಮೇಲೆ ಅದೇ ಜನರನ್ನು ಅವನು ಸಹೋದರರೆಂದು ಕರೆದು, ನೀವು ತಿಳಿಯದೆ ಮಾಡಿದಿರೆಂದು ಸಂತೈಸುವನು. ತಾನು ಮಾಡಿದ ತಪ್ಪಿನ ಹೆಸರನ್ನೇ ಹಿಡಿದು ಪರರ ತಪ್ಪನ್ನು ಹೇಳುವವನು ಮೇಲಿನ ಪೀಠದಿಂದ ಮಾತನಾಡಲಾರನು. ಸಹೋದರರನ್ನು ದೃಢಪಡಿಸೆಂಬ ಆಜ್ಞೆಯು ನೆರವೇರಿದ ಬಗೆ ಇದು.

೫

ಯೋಹಾನನ ಸುವಾರ್ತೆಗೆ ಬಂದರೆ ವಾಚಕನಿಗೆ ಆಶ್ಚರ್ಯವು ಕಾದಿರುವುದು: ಅಲ್ಲಿ ಪೇತ್ರನು ಅಳುವುದೇ ಇಲ್ಲ. ಮೂರನೆಯ ಸಲ ಅಲ್ಲವೆಂದನು. ಕೂಡಲೆ ಕೋಳಿ ಕೂಗಿತು. ಅಷ್ಟಕ್ಕೇ ದೃಶ್ಯವು ಮುಗಿಯಿತು. ಈ ಬರಿದುತನವನ್ನು ಸಹಿಸುವುದು ಕಷ್ಟವೆಂಬುದಕ್ಕೆ ಸಂಗೀತದ ಚರಿತ್ರೆಯಲ್ಲಿ ಸಾಕ್ಷ್ಯವಿದೆ. ೧೭೨೪ರಲ್ಲಿ ಲೈಪ್‌ಸಿಗ್ ನಗರದಲ್ಲಿ ಯೋಹಾನನ ಸುವಾರ್ತೆಯಂತೆ ಯೇಸುವಿನ ಯಾತನೆಯನ್ನು ಸಂಗೀತಕ್ಕೆ ಅಳವಡಿಸಿದ ಯೋಹಾನ್ ಸೆಬಾಸ್ಟಿಯನ್ ಬಾಖನು, ಈ ಎಡೆಯಲ್ಲಿ ಮತ್ತಾಯನಿಂದ ಪೇತ್ರನ ಅಳುವನ್ನು ತಂದು ಸೇರಿಸಿಕೊಂಡನು. ಭಕ್ತಹೃದಯಕ್ಕೆ ಬೇಕಾದುದನ್ನು ಬಾಖನು ಒದಗಿಸಿದನು. ಯೋಹಾನನು ಅದನ್ನು ಏಕೆ ಬಿಟ್ಟನೆಂಬ ಪ್ರಶ್ನೆಯು ಉಳಿಯಿತು.

ಯೋಹಾನನು ಬಿಟ್ಟದ್ದು ಅನವಧಾನದಿಂದಲ್ಲ. ಅವನ ನಿರೂಪಣೆಯು ಅತ್ಯಂತ ಬಿಗಿಯಾದುದು. ತೋಟದಲ್ಲಿ ತನ್ನನ್ನು ಹಿಡಿಯಲು ಬಂದವರಿಗೆ ಯೇಸುವು ನಾನೇ ಎಂದು ಉತ್ತರ ಕೊಡುವನು. ಅಂಗಳದಲ್ಲಿ ಪೇತ್ರನು ನಾನಲ್ಲ ಎನ್ನುವನು. ಬಾಗಿಲು ಕಾಯುವ ದಾಸಿಯ ಪ್ರಶ್ನೆಯು ಗ್ರೀಕಿನಲ್ಲಿ ಅಲ್ಲವೆಂಬ ಉತ್ತರವನ್ನೇ ನಿರೀಕ್ಷಿಸುವ ರೀತಿಯಲ್ಲಿದೆ. ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ಲವಷ್ಟೆ ಎಂದು ಕೇಳಿದಂತೆ, ಪ್ರಶ್ನೆಯೇ ತಪ್ಪಿಸಿಕೊಳ್ಳುವ ಕಿಂಡಿಯನ್ನು ತೆರೆದುಕೊಡುವುದು. ದುರ್ಬಲನಾದವನು ಮೊದಲು ಬೀಳುವುದು ಬೆದರಿಕೆಗೆ ಅಲ್ಲ, ಅನುಕೂಲಕ್ಕೆ. ಎರಡನೆಯ ಪ್ರಶ್ನೆಯೂ ಇದೇ ಬಗೆಯದು. ಮೂರನೆಯದು ಮಾತ್ರ ಹೌದೆಂಬ ಉತ್ತರವನ್ನು ಬೇಡುವುದು. ಅದನ್ನು ಕೇಳಿದವನು ಪೇತ್ರನಿಂದ ಕಿವಿ ಕತ್ತರಿಸಲ್ಪಟ್ಟ ಆಳಿನ ಬಂಧು. ಅಷ್ಟು ಹೊತ್ತಿಗೆ ಪೇತ್ರನಿಗೆ ಹಿಂದಿರುಗುವ ದಾರಿ ಮುಚ್ಚಿತ್ತು. ಈ ಮಧ್ಯೆ ಒಳಗೆ ಮಹಾಯಾಜಕನು ಶಿಷ್ಯರ ವಿಷಯವಾಗಿ ವಿಚಾರಿಸಲು, ತನ್ನ ಮಾತನ್ನು ಕೇಳಿದವರನ್ನೇ ಕೇಳಿರೆಂದು ಯೇಸುವು ಹೇಳುವನು. ಕೇಳಿದವನು ಗೋಡೆಯ ಆಚೆ ನಿಂತಿದ್ದಾನೆ. ಅವನನ್ನು ಕೇಳಿಯೂ ಆಗಿದೆ. ಅವನು ಅಲ್ಲವೆಂದೂ ಆಗಿದೆ.

ಆ ಅಂಗಳದಲ್ಲಿ ಆಳುಗಳು ಹೊತ್ತಿಸಿದ್ದುದು ಇದ್ದಲಿನ ಬೆಂಕಿಯೆಂದು ಯೋಹಾನನು ಹೇಳಿದ್ದಾನೆ. ಇದ್ದಲಿನ ಬೆಂಕಿಗೆ ಅವನು ಬಳಸಿದ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲೆಲ್ಲ ಎರಡೇ ಕಡೆ ಬರುವುದು. ಒಂದು ಈ ಅಂಗಳ. ಇನ್ನೊಂದು ಇಪ್ಪತ್ತೊಂದನೆಯ ಅಧ್ಯಾಯದಲ್ಲಿ, ತಿಬೇರಿಯ ಸಮುದ್ರದ ದಡದಲ್ಲಿ, ಪುನರುತ್ಥಾನನಾದ ಯೇಸುವು ಶಿಷ್ಯರಿಗಾಗಿ ಮೀನನ್ನೂ ರೊಟ್ಟಿಯನ್ನೂ ಸಿದ್ಧಪಡಿಸಿದ ಬೆಂಕಿ. ಇಪ್ಪತ್ತನೆಯ ಅಧ್ಯಾಯದ ಅಂತ್ಯವು ಗ್ರಂಥಸಮಾಪ್ತಿಯಂತೆ ತೋರುವುದರಿಂದ ಇಪ್ಪತ್ತೊಂದನೆಯದು ಆಮೇಲೆ ಸೇರಿದ ಪರಿಶಿಷ್ಟವೆಂದು ಅನೇಕರು ಊಹಿಸಿರುವರು. ಹಾಗಿದ್ದರೂ, ಸೇರಿಸಿದವನು ಅಂಗಳದ ಬೆಂಕಿಯನ್ನು ಮರೆಯದೆ ಇದ್ದನೆಂಬುದು ನಿಸ್ಸಂದೇಹ. ಅದೇ ಬೆಂಕಿ, ಅದೇ ಮೂರರ ಎಣಿಕೆ: ಅಲ್ಲಿ ಮೂರು ನಿರಾಕರಣ, ಇಲ್ಲಿ ಮೂರು ಪ್ರಶ್ನೆ. ಪೇತ್ರನು ಬಿದ್ದ ನೆಲಕ್ಕೆ ಅವನನ್ನು ಹಿಂದಕ್ಕೆ ಕರೆತಂದು, ಅದೇ ಹಾದಿಯನ್ನು ಮತ್ತೊಮ್ಮೆ ನಡೆಯಿಸಲಾಗಿದೆ. ಹಿಂದಿನದನ್ನು ಮರೆಯೆಂದು ಯೇಸುವು ಹೇಳುವುದಿಲ್ಲ. ಅದನ್ನು ಎತ್ತಿ ಆಡುವುದೂ ಇಲ್ಲ. ಕ್ಷಮಿಸಿದೆನೆಂಬ ಮಾತು ಕೂಡ ಆ ಸಂಭಾಷಣೆಯಲ್ಲಿ ಬರುವುದಿಲ್ಲ. ಊಟವಾದ ಮೇಲೆ ಪ್ರಶ್ನೆಯು ಬರುವುದು: ಮೊದಲು ಪಂಕ್ತಿ, ಆಮೇಲೆ ಪರೀಕ್ಷೆ. ಕಣ್ಣೀರನ್ನು ಬಿಟ್ಟ ಕಾರಣವು ಇಲ್ಲಿ ತಿಳಿಯುವುದು. ಅಂಗಳದಲ್ಲಿ ಅತ್ತಿದ್ದರೆ ಕಥೆಯು ಅಂಗಳದಲ್ಲಿಯೇ ಒಂದು ವಿಶ್ರಾಂತಿಯನ್ನು ಪಡೆಯುತ್ತಿತ್ತು. ಯೋಹಾನನು ಆ ವಿಶ್ರಾಂತಿಯನ್ನು ಕೊಡದೆ, ಗಾಯವನ್ನು ತೆರೆದೇ ಇಟ್ಟು, ವಾಚಕನನ್ನು ದಡದವರೆಗೆ ನಡೆಯಿಸುತ್ತಾನೆ.

೬

ಇನ್ನು ಎರಡು ಪದಗಳ ವಿಚಾರ. ಯೇಸುವು ಮೊದಲನೆಯ ಮತ್ತು ಎರಡನೆಯ ಸಲ ಕೇಳುವಾಗ ‘ಅಗಪಾನ್’ ಎಂಬ ಕ್ರಿಯಾಪದವಿದೆ. ಮೂರನೆಯ ಸಲ ‘ಫಿಲೈನ್’ ಎಂಬುದಿದೆ. ಪೇತ್ರನ ಮೂರು ಉತ್ತರಗಳಲ್ಲಿಯೂ ‘ಫಿಲೈನ್’ ಎಂಬುದೇ ಇದೆ. ಮೊದಲನೆಯದು ಉನ್ನತವಾದ ದಿವ್ಯಪ್ರೇಮ, ಎರಡನೆಯದು ಸಹಜವಾದ ಮಾನುಷಸ್ನೇಹ. ಪೇತ್ರನು ವಿನಯದಿಂದ ಉನ್ನತವಾದುದನ್ನು ಹೇಳಿಕೊಳ್ಳಲು ಅಂಜಿದನು. ಯೇಸುವು ಕೊನೆಗೆ ಅವನ ಮಟ್ಟಕ್ಕೆ ಇಳಿದುಬಂದನು ಎಂದು ವಿವರಿಸುವುದುಂಟು. ವಿವರಣೆಯು ಹೃದಯಂಗಮವಾಗಿದೆ. ಹೃದಯಂಗಮತ್ವವು ಪ್ರಮಾಣವಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವಿದ್ವಾಂಸರಾದ ಟ್ರೆಂಚ್, ವೆಸ್ಟ್‌ಕಾಟ್ ಇಬ್ಬರೂ ಈ ಭೇದವನ್ನು ಒಪ್ಪಿದವರೇ. ಆದರೆ ವೆಸ್ಟ್‌ಕಾಟನಿಗೆ ‘ಅಗಪಾನ್’ ಉನ್ನತವಾದುದು, ಪೇತ್ರನ ಪದವು ಅದಕ್ಕಿಂತ ತಗ್ಗಿನದು. ಟ್ರೆಂಚನಿಗೆ ‘ಅಗಪಾನ್’ ತಣ್ಣಗಿನದು, ಪೇತ್ರನ ಪದವು ಅದಕ್ಕಿಂತ ಬಿಸಿಯುಳ್ಳದ್ದು. ಒಂದೇ ಭೇದದಿಂದ ಇಬ್ಬರು ಪಂಡಿತರು ಎದುರುಬದುರಾದ ಅರ್ಥಗಳನ್ನು ಸಾಧಿಸಬಹುದಾದರೆ ಆ ಭೇದದ ಮೇಲೆ ಭಾರ ಹೊರಿಸುವುದು ವಿವೇಕವಲ್ಲ. ಯೋಹಾನನ ಪ್ರಯೋಗವನ್ನೇ ನೋಡಿದರೆ, ತಂದೆಯು ಮಗನನ್ನು ಪ್ರೀತಿಸುವನೆಂಬಲ್ಲಿ ಮೂರನೆಯ ಅಧ್ಯಾಯದಲ್ಲಿ ಒಂದು ಪದ, ಐದನೆಯದರಲ್ಲಿ ಇನ್ನೊಂದು. ಯೇಸುವಿಗೆ ಪ್ರಿಯನಾದ ಶಿಷ್ಯನನ್ನು ಹೇಳುವಲ್ಲಿಯೂ, ಲಾಜರನನ್ನು ಹೇಳುವಲ್ಲಿಯೂ ಹೀಗೆಯೇ. ಈ ಸಂಭಾಷಣೆಯಲ್ಲಿ ಕುರಿಗಳಿಗೂ, ಮೇಯಿಸುವುದಕ್ಕೂ, ತಿಳಿಯುವುದಕ್ಕೂ ಎರಡೆರಡು ಪದಗಳು ಬದಲಾಗಿ ಬಂದಿವೆ. ಅವುಗಳಲ್ಲಿ ಸಾಮಾನ್ಯವಾಗಿ ರಹಸ್ಯವನ್ನು ಹುಡುಕುವುದಿಲ್ಲ. ಎಲ್ಲಕ್ಕಿಂತ ಬಲವಾದ ಸಾಕ್ಷ್ಯವು ಗ್ರಂಥಕಾರನದೇ: ಯೇಸುವು ಮೂರನೆಯ ಸಲ ಕೇಳಿದನೆಂದು ಪೇತ್ರನು ನೊಂದನು ಎನ್ನುತ್ತಾನೆ. ಪ್ರಶ್ನೆಯು ಬದಲಾಯಿತೆಂದು ನೋಯಲಿಲ್ಲ. ಅದೇ ಪ್ರಶ್ನೆಯು ಮೂರು ಸಲ ಬಂದಿತೆಂದು ನೊಂದನು. ಮೂರೆಂಬ ಎಣಿಕೆಯೇ ಅವನನ್ನು ಇರಿಯಿತು.

ಕನ್ನಡದಲ್ಲಿ ಪ್ರೀತಿ, ಮಮತೆ, ಒಲವು, ನೇಹ ಎಂದು ಪದಗಳಿಗೆ ಕೊರತೆಯಿಲ್ಲ. ಭಾಷಾಂತರಕಾರನು ಎರಡು ಪದಗಳನ್ನು ಆರಿಸಿಕೊಂಡರೂ ತಪ್ಪಿಲ್ಲ. ಒಂದನ್ನೇ ಬಳಸಿದರೂ ಕಥೆಯ ಜೀವವು ಹೋಗುವುದಿಲ್ಲ. ತರಗತಿಯಲ್ಲಿ ಪಾಠ ಹೇಳುವವರು ಈ ವ್ಯತ್ಯಾಸವನ್ನು ಅರಿಯಬೇಕು: ಪದಭೇದದಲ್ಲಿ ಸಿಕ್ಕಿದ ಅರ್ಥವು ಪದವು ಹೋದರೆ ಹೋಗುವುದು, ರಚನೆಯಲ್ಲಿರುವ ಅರ್ಥವು ಯಾವ ಭಾಷೆಗೆ ಹೋದರೂ ಉಳಿಯುವುದು.

೭

ಹಾಗಾದರೆ ಪೇತ್ರನ ವಿನಯವು ಎಲ್ಲಿದೆ? ಮೊದಲನೆಯ ಪ್ರಶ್ನೆಯಲ್ಲಿ ಇವರಿಗಿಂತ ಹೆಚ್ಚಾಗಿ ಎಂಬ ಮಾತಿದೆ. ಎಲ್ಲರೂ ಬಿಟ್ಟರೂ ತಾನು ಬಿಡೆನೆಂದು ಮಾರ್ಕನ ಪೇತ್ರನು ಕೊಚ್ಚಿಕೊಂಡದ್ದು ಇದೇ ಹೋಲಿಕೆಯ ಮೇಲೆ. ಈಗ ಪೇತ್ರನು ಪ್ರಶ್ನೆಗೆ ಉತ್ತರ ಕೊಡುವನು, ಹೋಲಿಕೆಯನ್ನು ಮಾತ್ರ ಮುಟ್ಟುವುದಿಲ್ಲ. ಇತರರು ಎಷ್ಟು ಪ್ರೀತಿಸುವರೆಂಬುದು ಅವನ ಉತ್ತರದಿಂದ ಬಿದ್ದುಹೋಗಿದೆ. ಎರಡನೆಯದಾಗಿ, ಅವನು ಮೂರು ಸಲವೂ ನೀನು ಬಲ್ಲೆ ಎಂಬುದನ್ನೇ ಆಧಾರಮಾಡಿಕೊಳ್ಳುವನು. ಮೂರನೆಯ ಸಲ ನೀನು ಎಲ್ಲವನ್ನೂ ಬಲ್ಲೆ ಎನ್ನುವನು. ಹಿಂದೆ ಗುರುವು ನೀನು ಅಲ್ಲಗಳೆಯುವೆ ಎಂದಾಗ, ತನ್ನನ್ನು ತಾನು ಗುರುವಿಗಿಂತ ಚೆನ್ನಾಗಿ ಬಲ್ಲೆನೆಂದು ಪೇತ್ರನು ವಾದಿಸಿದ್ದನು. ಕೋಳಿಯ ಕೂಗಿನೊಡನೆ ಸುಳ್ಳಾದದ್ದು ಆ ಆತ್ಮಜ್ಞಾನವೇ. ಆದರೂ ಅವನು ತನ್ನಲ್ಲಿ ಪ್ರೀತಿಯಿಲ್ಲವೆಂದು ಹೇಳುವುದಿಲ್ಲ, ಅಯೋಗ್ಯನೆಂದು ಹಿಂಜರಿಯುವುದಿಲ್ಲ. ಪ್ರೀತಿಯು ಉಂಟು, ಅದಕ್ಕೆ ಸಾಕ್ಷಿ ನಾನಲ್ಲ, ನೀನು ಎನ್ನುವನು. ತನ್ನ ಬಗೆಗೆ ಇನ್ನೊಬ್ಬನ ಅರಿವನ್ನು ನಂಬುವುದೇ ಈ ಕಥೆಯು ಕಲ್ಪಿಸುವ ವಿನಯ.

ಇಲ್ಲಿಯೂ ಅವನಿಗೆ ಪೇತ್ರನೆಂಬ ಸಂಬೋಧನೆ ಇಲ್ಲ. ಯೋಹಾನನ ಮಗನಾದ ಸೀಮೋನನೆಂದೇ ಕರೆಯುವನು. ಬಂಡೆಯೆಂಬ ಬಿರುದನ್ನು ಹಿಂದಕ್ಕೆ ಕೊಡುವ ಬದಲು ಕೆಲಸವನ್ನು ಕೊಡುವನು: ಕುರಿಗಳನ್ನು ಮೇಯಿಸು. ಕುರಿಗಳು ಯೇಸುವಿನವು, ಪೇತ್ರನವಲ್ಲ. ಅನಂತರ ಮುಪ್ಪಿನ ಮಾತು ಬರುವುದು. ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟಬಂದ ಕಡೆ ತಿರುಗಾಡುತ್ತಿದ್ದೆ. ಮುಪ್ಪಿನಲ್ಲಿ ಕೈಚಾಚುವೆ, ಮತ್ತೊಬ್ಬನು ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಒಯ್ಯುವನು ಎಂಬುದು ಅದರ ತಾತ್ಪರ್ಯ. ಕೆಲವೇ ವಾಕ್ಯಗಳ ಹಿಂದೆ ಪೇತ್ರನು ಬಟ್ಟೆಯನ್ನು ನಡುವಿಗೆ ಕಟ್ಟಿಕೊಂಡು ನೀರಿಗೆ ಧುಮುಕಿದ್ದುದನ್ನು ವಾಚಕನು ಮರೆತಿರಲಾರನು. ನಿನಗಾಗಿ ಪ್ರಾಣವನ್ನು ಕೊಡುವೆನೆಂದು ಅವನು ಮಾಡಿದ್ದ ಪ್ರತಿಜ್ಞೆಯು ನೆರವೇರುವುದು, ಆದರೆ ಅವನ ಬಲದಿಂದಲ್ಲ. ಅವನ ಬಲವು ಉಡುಗಿದ ಕಾಲದಲ್ಲಿ.

ಪುನಃಸ್ಥಾಪನೆಯೆಂದರೆ ದೌರ್ಬಲ್ಯದ ನಿವಾರಣೆಯೆಂದು ತಿಳಿಯುವವರಿಗೆ ಗ್ರಂಥಕಾರನು ಮುಂದಿನ ವಾಕ್ಯದಲ್ಲಿಯೇ ಉತ್ತರ ಕೊಟ್ಟಿರುವನು. ಹಿಂಬಾಲಿಸೆಂಬ ಆಜ್ಞೆಯನ್ನು ಪಡೆದ ಪೇತ್ರನು ಕೂಡಲೆ ಹಿಂತಿರುಗಿ ಇನ್ನೊಬ್ಬ ಶಿಷ್ಯನನ್ನು ಕಂಡು, ಇವನ ಗತಿಯೇನೆಂದು ಕೇಳುವನು. ಹೋಲಿಕೆಯ ಚಟವು ಬಿಟ್ಟಿತೆಂದುಕೊಳ್ಳುವಷ್ಟರಲ್ಲಿ ಮತ್ತೆ ತಲೆಯೆತ್ತಿತು. ಅದು ನಿನಗೇಕೆ ಎಂದು ಯೇಸುವು ತಡೆಯಬೇಕಾಯಿತು. ಇದಕ್ಕಿಂತ ಗುರುತರವಾದ ಸಂಗತಿಯು ಪೌಲನು ಗಲಾತ್ಯರಿಗೆ ಬರೆದ ಪತ್ರದಲ್ಲಿದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಪಂಕ್ತಿಭೋಜನ ಮಾಡುತ್ತಿದ್ದು, ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಅವರಿಗೆ ಹೆದರಿ ಹಿಂದೆಗೆದನು. ಪೌಲನು ಅವನನ್ನು ಎದುರೆದುರಾಗಿ ಆಕ್ಷೇಪಿಸಿದನು. ಜನರ ಭಯವೆಂಬ ಹಳೆಯ ದೌರ್ಬಲ್ಯವೇ ಹೊಸ ಅಂಗಳದಲ್ಲಿ ಕಾಣಿಸಿಕೊಂಡಿದೆ. ಈ ಪತ್ರವು ಸುವಾರ್ತೆಗಳಿಗಿಂತ ಹಳೆಯದು. ಪೇತ್ರನ ಕಾಲದಲ್ಲಿಯೇ ಬರೆದದ್ದು. ಪುನಃಸ್ಥಾಪಿತನಾದವನು ಮತ್ತೆ ಎಡವುವನು. ಎಡವಿದರೂ ಆಜ್ಞೆಯು ರದ್ದಾಗಲಿಲ್ಲ.

೮

ಇದು ಬರಿಯ ಪಾಠವಿಮರ್ಶೆಯ ಪ್ರಶ್ನೆಯಲ್ಲ. ಕ್ರಿ. ಶ. ೨೫೦ರಲ್ಲಿ ರೋಮನ್ ಚಕ್ರವರ್ತಿಯಾದ ಡೇಸಿಯಸನ ಶಾಸನದಂತೆ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರವನ್ನು ಪಡೆಯಬೇಕಾಯಿತು. ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಐಗುಪ್ತದ ಮರಳಿನಲ್ಲಿ ದೊರೆತಿವೆ. ಅನೇಕ ಕ್ರೈಸ್ತರು ಹೆದರಿ ಬಲಿಯರ್ಪಿಸಿದರು. ಕೆಲವರು ಲಂಚಕೊಟ್ಟು ಪತ್ರವನ್ನು ಮಾತ್ರ ಕೊಂಡುಕೊಂಡರು. ಹಿಂಸೆಯು ತಗ್ಗಿದ ಮೇಲೆ ಇವರು ಸಭೆಯ ಬಾಗಿಲಿಗೆ ಬಂದು ನಿಂತರು. ಇಂಥವರನ್ನು ಮತ್ತೆ ಸೇರಿಸಿಕೊಳ್ಳುವುದು ಸಭೆಯಿಂದಾಗದು ಎಂದು ರೋಮಿನ ನೊವಾಟಿಯನನು ಹಟಹಿಡಿದು ಬೇರೆಯಾದನು. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಿಷಪನಾಗಿದ್ದ ಸಿಪ್ರಿಯನನು ೨೫೧ರಲ್ಲಿ ಪತಿತರನ್ನು ಕುರಿತು ಒಂದು ಪ್ರಬಂಧವನ್ನು ಬರೆದು, ತಪ್ಪಿನ ತಾರತಮ್ಯವನ್ನು ನೋಡಿ, ಪಶ್ಚಾತ್ತಾಪದ ಅವಧಿಯನ್ನು ವಿಧಿಸಿ ಸೇರಿಸಿಕೊಳ್ಳಬೇಕೆಂಬ ಮಧ್ಯಮಮಾರ್ಗವನ್ನು ಹಿಡಿದನು. ಹಿಂಸೆಯ ಕಾಲದಲ್ಲಿ ಸಿಪ್ರಿಯನನೇ ನಗರವನ್ನು ಬಿಟ್ಟು ಅಡಗಿದ್ದನು; ಅದಕ್ಕಾಗಿ ನಿಂದೆಗೂ ಗುರಿಯಾಗಿದ್ದನು. ೨೫೮ರಲ್ಲಿ ಮತ್ತೊಂದು ಹಿಂಸೆಯು ಬಂದಾಗ ಅವನು ಅಡಗಲಿಲ್ಲ, ಶಿರಚ್ಛೇದಕ್ಕೆ ಒಳಗಾದನು. ಪೇತ್ರನ ಕಥೆಯು ಅವನ ಜೀವನದಲ್ಲಿ ಪ್ರತಿಬಿಂಬಿಸಿದಂತಿದೆ.

ನೊವಾಟಿಯನನ ಪಕ್ಷದಲ್ಲಿ ನ್ಯಾಯವೇ ಇಲ್ಲವೆನ್ನುವಂತಿಲ್ಲ. ಪ್ರಾಣವನ್ನೇ ಕೊಟ್ಟವರ ಮಗ್ಗುಲಲ್ಲಿ ಪತ್ರ ಕೊಂಡವರನ್ನು ಕೂರಿಸಿದರೆ ನಿಷ್ಠೆಗೆ ಬೆಲೆಯೇನು ಎಂಬ ಪ್ರಶ್ನೆಯು ಹಗುರವಾದುದಲ್ಲ. ಆದರೆ ಆ ಪಕ್ಷದವರು ಓದುತ್ತಿದ್ದ ನಾಲ್ಕು ಸುವಾರ್ತೆಗಳಲ್ಲಿಯೂ ಅಂಗಳದ ಕಥೆಯಿತ್ತು. ಅದನ್ನು ಕಾಪಾಡಿದ ಸಮಾಜವು ತನ್ನ ಮೊದಲಿಗನೇ ಪತಿತರಲ್ಲಿ ಮೊದಲಿಗನೆಂಬುದನ್ನು ಬರೆದಿಟ್ಟುಕೊಂಡಿತ್ತು. ಶುದ್ಧರ ಸಭೆಯೊಂದನ್ನು ಕಟ್ಟಬೇಕಾದರೆ ಆ ಪುಟಗಳನ್ನು ಕೀಳಬೇಕಾಗುತ್ತಿತ್ತು.

ನಾಲ್ವರು ನಾಲ್ಕು ಬಗೆಯಾಗಿ ಹೇಳಿದರೂ ಒಟ್ಟಭಿಪ್ರಾಯವು ಒಂದೇ. ಮಾರ್ಕನು ಹೆಸರು ಹಿಡಿದು ಕರೆಸಿದನು. ಮತ್ತಾಯನು ಹನ್ನೊಂದರ ಲೆಕ್ಕದಲ್ಲಿ ಸೇರಿಸಿದನು. ಲೂಕನು ಮೊದಲೇ ಪ್ರಾರ್ಥನೆಯನ್ನು ಇಟ್ಟನು. ಯೋಹಾನನು ಎರಡನೆಯ ಬೆಂಕಿಯನ್ನು ಹೊತ್ತಿಸಿದನು. ಒಬ್ಬನಾದರೂ ಪೇತ್ರನು ತನ್ನ ಪ್ರಯತ್ನದಿಂದ ಎದ್ದನೆಂದು ಹೇಳಲಿಲ್ಲ. ಒಬ್ಬನಾದರೂ ಅವನ ಪತನವನ್ನು ಅಳಿಸಲಿಲ್ಲ. ಅಂಗಳದ ಬೆಂಕಿಯು ಪೇತ್ರನ ಮೈಯನ್ನು ಮಾತ್ರ ಕಾಯಿಸಿತು. ದಡದ ಬೆಂಕಿಯ ಬಳಿ ಅವನಿಗೆ ಊಟವೂ ಪ್ರಶ್ನೆಯೂ ಕೆಲಸವೂ ದೊರೆತುವು. ಈ ಎರಡು ಬೆಂಕಿಗಳ ನಡುವಣ ದೂರವೇ ಶಿಷ್ಯತ್ವವೆಂಬುದರ ಅಳತೆ ಎಂದು ಹೇಳಿದರೆ ಸುವಾರ್ತಾಕಾರರ ಆಶಯಕ್ಕೆ ದೂರವಾಗಲಾರದು.